ಅವ್ವನ ದುಡಿಮೆ, ಮಗನ ಅಪರಾಧ

ಬಿ.ಇ. ಓದುವಾಗ ಬೆಳಗಾವಿಯಲ್ಲಿ ನನ್ನ ಜೊತೆ ಒಂದೇ ಖೋಲಿಯಲ್ಲಿದ್ದ ಗೆಳೆಯನೊಬ್ಬ ಖಾನಾಪುರದ ನಮ್ಮ ಮನೆಗೆ ಬಂದಿದ್ದ. "ನಿಮ್ಮವ್ವ ಏನ್ ಮಾಡ್ತಾಳಪಾ?" ಅಂತ ನಮ್ಮವ್ವ ಕೇಳಿದಳು. "ಹೊಲಿಗೆರೀ" ಅಂದ. ವಾಪಸ್ ಬರುವಾಗ ಬಸ್ಸಿನಲ್ಲಿ ಖರೆ ಹೇಳಿದ. ಅವ್ವ ಲೈಂಗಿಕ ವೃತ್ತಿಯಲ್ಲಿದ್ದಳು, ಇವನ ಫೀ ಬರುತ್ತಿದ್ದುದು ಅಲ್ಲಿಂದಲೇ. "ಖರೆ ಹೇಳಿದ್ರ ನಿಮ್ಮವ್ವ ಊಟಕ್ಕ ಹಾಕ್ತಿದ್ಲೇನಲೇ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮವ್ವನ ಮಾತು ಬಿಡಿ, ಕಾನೂನು ಏನು ಹೇಳುತ್ತದೆ ನೋಡಿ. ವಯಸ್ಕ ಹೆಂಗಸು ತಾನೇ ಇಷ್ಟಪಟ್ಟು ಈ ವೃತ್ತಿ ಮಾಡಿದರೆ ಅದು ಅಪರಾಧವಲ್ಲ. 2022ರ ಮೇ 19ರಂದು ಸುಪ್ರೀಂ ಕೋರ್ಟ್ ಕೂಡ ಇಂಥವರಿಗೆ ಪೊಲೀಸರು ಕಿರುಕುಳ ಕೊಡಬಾರದು ಎಂದಿತು. ಆದರೆ 1956ರ ಅನೈತಿಕ ಸಾಗಣೆ ತಡೆ ಕಾಯ್ದೆಯ 4ನೇ ಕಲಂ ಓದಿ. ಆ ಗಳಿಕೆಯಲ್ಲಿ ಗೊತ್ತಿದ್ದೂ ಬದುಕುವ 18 ದಾಟಿದ ಯಾರಿಗೇ ಆಗಲಿ ಎರಡು ವರ್ಷದವರೆಗೆ ಜೈಲು. ಪಿಂಪ್‌ಗಳಿಗೆಂದು ಹಾಕಿದ ಬಲೆ. ಅದರಲ್ಲಿ ನನ್ನ ಗೆಳೆಯನೂ ಬೀಳುತ್ತಾನೆ. ಅವನು ಮಾಡಿದ ತಪ್ಪೇನು? ಅವ್ವ ಕಟ್ಟಿದ ಫೀಯಲ್ಲಿ ಸೆಮಿಸ್ಟರ್ ಪಾಸಾದದ್ದು!

ಇನ್ನು ಮನೆ. ಇಬ್ಬರು ಹೆಂಗಸರು ಸುರಕ್ಷತೆಗೆಂದು ಒಂದೇ ಖೋಲಿಯಲ್ಲಿ ಕೂಡಿ ದುಡಿದರೆ ಆ ಖೋಲಿ 'ವೇಶ್ಯಾಗೃಹ', ಗೊತ್ತಿದ್ದು ಬಾಡಿಗೆ ಕೊಟ್ಟವನೂ ಅಪರಾಧಿ. ನ್ಯೂಜಿಲೆಂಡ್ ಎಂಬ ದ್ವೀಪ ದೇಶದಲ್ಲಿ 2003ರ ಕಾಯ್ದೆ ಬಂದಮೇಲೆ ನಾಲ್ವರ ತನಕ ತಾವೇ ಕೂಡಿ ಕೆಲಸ ಮಾಡಬಹುದು, ಲೈಸೆನ್ಸೂ ಬೇಡ. ನಮ್ಮಲ್ಲಿ ಒಬ್ಬಂಟಿಯಾಗಿದ್ದರೆ ಮಾತ್ರ ಕಾನೂನುಬದ್ಧ. ಒಬ್ಬಂಟಿ ಹೆಂಗಸಿನ ಬಾಗಿಲು ಬಡಿಯುವವರು ಎಂಥವರು ಅಂತ ಬೇರೆ ಹೇಳಬೇಕಾ?

"ಹಂಗಾದ್ರ ದೇವದಾಸಿ ಪದ್ಧತೀನೂ ಸರಿ ಅಂತೀಯೇನು?" ಎಂದು ಆಫೀಸಿನ ಗೆಳೆಯರು ಕೇಳುತ್ತಾರೆ. ಇಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡ ಇರುವುದು ನಮ್ಮ ಜಿಲ್ಲೆಯಲ್ಲೇ. ಹುಡುಗಿಯರಿಗೆ ಮುತ್ತು ಕಟ್ಟುವುದನ್ನು ರಾಜ್ಯ 1982ರ ಕಾಯ್ದೆಯಲ್ಲಿ ನಿಷೇಧಿಸಿದ್ದು ಸರಿಯೇ. ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿ ಅದರ ವಿರುದ್ಧವೇ ದುಡಿದು 2018ರಲ್ಲಿ ಪದ್ಮಶ್ರೀ ಪಡೆದರು. ಮಕ್ಕಳನ್ನು ಮಾರುವವರಿಗೆ, ಹೊಡೆದು ದಂಧೆ ಮಾಡಿಸುವವರಿಗೆ ಜೈಲೇ ಆಗಲಿ. ಆದರೆ ಆ ಸಿಟ್ಟನ್ನು ಅವ್ವನ ಅನ್ನ ತಿಂದ ಮಗನ ಮೇಲೆ ತೀರಿಸಬೇಡಿ.

4ನೇ ಕಲಂನಿಂದ ಮಕ್ಕಳನ್ನು, ಮುದಿ ತಂದೆತಾಯಿಯನ್ನು ಹೊರಗಿಡಿ. ಕೂಡಿ ದುಡಿಯುವವರ ಖೋಲಿಯನ್ನು ವೇಶ್ಯಾಗೃಹ ಅನ್ನುವುದನ್ನು ಬಿಡಿ. ಇದಕ್ಕೆ ಸಂಸತ್ತೇ ಬೇಕು. ಊಟಕ್ಕೆ ಬಂದ ಹುಡುಗನಿಗೆ ಅವನ ಅವ್ವನ ಕೆಲಸ ಕೇಳದೆ ರೊಟ್ಟಿ ಬಡಿಸುವುದಕ್ಕೆ ಸಂಸತ್ತು ಬೇಕಾಗಿಲ್ಲ.