ನನಗಿಲ್ಲದ ಮತಕ್ಕಾಗಿ ಆಡಿದ ಜಗಳ

ರಾಷ್ಟ್ರಪತಿ ಚುನಾವಣೆಯಲ್ಲಿ ನನಗೆ ಮತವಿಲ್ಲ. ನಿಮಗೂ ಇಲ್ಲ. ಚುನಾಯಿತ ಸಂಸದರು, ಶಾಸಕರು ಹಾಕುವ ಮತ ಅದು. ಆದರೂ ಅಂಥದೊಂದು ಚುನಾವಣೆಯ ಸಲುವಾಗಿ ನಾನು ಒಬ್ಬ ಒಳ್ಳೆಯ ಮನುಷ್ಯನ ಜೊತೆ ಎಂಟು ವರ್ಷ ಮಾತು ಬಿಟ್ಟಿದ್ದೆ. ಈಚೆಗೆ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ರಾಜಕೀಯದ ಮಾತಿಗೆ ಇಬ್ಬರು ಹಳೆಯ ಸ್ನೇಹಿತರು ಸಿಟ್ಟಾಗಿ ಗುಂಪು ಬಿಟ್ಟು ಹೋದಾಗ ಅದೆಲ್ಲ ಮತ್ತೆ ನೆನಪಾಯಿತು. ಈ ಸಲದ ಅಂಕಣಕ್ಕೆ ಅದೇ ವಿಷಯ.

ಅದು 1969. ಚಿತ್ರದುರ್ಗದಿಂದ ಮುಂಬಯಿಗೆ ಬಂದು ನನಗೆ ಒಂದು ವರ್ಷ ಆಗಿತ್ತು. ವಯಸ್ಸು ಇಪ್ಪತ್ತೊಂದು. ಪರೇಲಿನ ಒಂದು ಚಾಳಿನ ಖೋಲಿಯಲ್ಲಿ ನಾವು ಐವರು ಕನ್ನಡಿಗರು. ಎಲ್ಲರಿಗಿಂತ ಹಿರಿಯರು ಉಡುಪಿ ಕಡೆಯವರು. ಹಗಲು ಸಿಂಡಿಕೇಟ್ ಬ್ಯಾಂಕಿನಲ್ಲಿ ಗುಮಾಸ್ತರು, ಸಂಜೆ ಹೋಟೆಲ್ ಹುಡುಗರಿಗೆ ಕನ್ನಡ ರಾತ್ರಿಶಾಲೆಯಲ್ಲಿ ಪಾಠ. ಹಾಗಾಗಿ ಎಲ್ಲರಿಗೂ ಅವರು ‘ಮಾಸ್ಟ್ರು’. ನನಗೆ ಖೋಲಿಯಲ್ಲಿ ಜಾಗ ಕೊಡಿಸಿದವರು, ಮೊದಲ ಸಂಬಳ ಬರುವ ತನಕ ಊಟದ ಖರ್ಚು ನೋಡಿಕೊಂಡವರು ಅವರೇ.

ನಾನು ಕಾಂಗ್ರೆಸ್ಸಿನ ಮನೆಯಿಂದ ಬಂದವನು. ಅಪ್ಪ ಖಾದಿ ಬಿಟ್ಟು ಬೇರೆ ಉಟ್ಟವರಲ್ಲ. ನಮ್ಮ ಊರಿನಲ್ಲಿ ವಕೀಲಿ ಮಾಡಿದ ನಿಜಲಿಂಗಪ್ಪನವರು 1956ರಲ್ಲಿ ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದವರು. ಈಗ ಅಖಿಲ ಭಾರತ ಕಾಂಗ್ರೆಸ್ಸಿಗೇ ಅಧ್ಯಕ್ಷರು. ಮರಾಠಿ ನೆರೆಹೊರೆಯವರ ಎದುರು ಇದನ್ನು ಹೇಳಿಕೊಳ್ಳುವಾಗ ನನ್ನ ಎದೆ ಒಂದು ಗೇಣು ಉಬ್ಬುತ್ತಿತ್ತು. ಮಾಸ್ಟ್ರು ಬೇರೆ ದಾರಿ. 1967ರ ಚುನಾವಣೆಯಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ದಕ್ಷಿಣ ಮುಂಬಯಿಯಲ್ಲಿ ಎಸ್. ಕೆ. ಪಾಟೀಲರನ್ನು ಸೋಲಿಸಿದಾಗ ರಾತ್ರಿಶಾಲೆಯ ಹುಡುಗರಿಗೆಲ್ಲ ಚಹಾ ಕುಡಿಸಿದವರು.

ಆ ವರ್ಷ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಉಪರಾಷ್ಟ್ರಪತಿ ವಿ. ವಿ. ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಜುಲೈಯಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ. ಅಭ್ಯರ್ಥಿ ಯಾರಾಗಬೇಕು ಎಂಬ ಪ್ರಶ್ನೆ ಅಲ್ಲೇ ಇತ್ಯರ್ಥವಾಯಿತು. ಪ್ರಧಾನಿ ಇಂದಿರಾ ಗಾಂಧಿ ಜಗಜೀವನ ರಾಮ್ ಅವರ ಹೆಸರು ಮುಂದಿಟ್ಟರು. ಪಕ್ಷದ ಸಂಸದೀಯ ಮಂಡಳಿ ಬಹುಮತದಿಂದ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ಅಲ್ಲಿಂದ ಮುಂದೆ ದಿನಕ್ಕೊಂದು ಸುದ್ದಿ. ಜುಲೈ 16ರಂದು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಹೋಯಿತು. 19ರಂದು ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣ. ಆ ಸುಗ್ರೀವಾಜ್ಞೆಗೆ ಸಹಿ ಹಾಕಿದ ಗಿರಿಯವರು ಮರುದಿನವೇ ರಾಜೀನಾಮೆ ಕೊಟ್ಟು, ಪಕ್ಷೇತರರಾಗಿ ಕಣಕ್ಕೆ ಇಳಿದರು.

ನಮ್ಮ ಖೋಲಿಯಲ್ಲೂ ಎರಡು ಪಕ್ಷ ಆಯಿತು. ಅದರೊಳಗೆ ಒಂದು ತಮಾಷೆ. ಕಾಮರಾಜ್, ಎಸ್. ಕೆ. ಪಾಟೀಲ್, ನಿಜಲಿಂಗಪ್ಪ ಮೊದಲಾದ ಹಿರಿಯರ ಗುಂಪನ್ನು ಪತ್ರಿಕೆಗಳು ‘ಸಿಂಡಿಕೇಟ್’ ಎಂದು ಕರೆಯುತ್ತಿದ್ದವು. “ಸಿಂಡಿಕೇಟಿನ ಸಂಬಳ ತಿಂದು ಸಿಂಡಿಕೇಟಿಗೇ ಬೈತೀರಲ್ಲ ಮಾಸ್ಟ್ರೇ” ಅಂತ ನಾನು ಕೆಣಕುತ್ತಿದ್ದೆ. “ಇನ್ನು ನನ್ನದು ಸರಕಾರದ ಸಂಬಳ ಮಾರಾಯ” ಎಂದು ಅವರು ನಗುತ್ತಿದ್ದರು. ಹದಿನಾಲ್ಕರಲ್ಲಿ ಸಿಂಡಿಕೇಟ್, ಕೆನರಾ ಎರಡೂ ಇದ್ದವು. ಚಾಳಿನ ಮರಾಠಿ ಗೃಹಸ್ಥರೊಬ್ಬರು ಮೂರನೆಯ ಅಭ್ಯರ್ಥಿ ಸಿ. ಡಿ. ದೇಶಮುಖರ ಕಡೆ. 1956ರಲ್ಲಿ ಮುಂಬಯಿಯ ಪ್ರಶ್ನೆಗಾಗಿ ಕೇಂದ್ರದ ಹಣಕಾಸು ಮಂತ್ರಿ ಪದವಿಯನ್ನೇ ಬಿಟ್ಟವರು ದೇಶಮುಖ್. ಅವರ ಹೆಸರಿನ ಎದುರು ಉಳಿದವರದು ಲೆಕ್ಕಕ್ಕೇ ಇಲ್ಲ ಎಂಬುದು ಆ ಗೃಹಸ್ಥರ ವಾದ.

ನನ್ನ ವಾದ ಸರಳವಾಗಿತ್ತು. ರೆಡ್ಡಿಯವರ ನಾಮಪತ್ರಕ್ಕೆ ಇಂದಿರಾ ಗಾಂಧಿಯೇ ಸಹಿ ಮಾಡಿದ್ದರು. ಆಮೇಲೆ ಶಾಸಕರಿಗೂ ಸಂಸದರಿಗೂ “ಆತ್ಮಸಾಕ್ಷಿಯಂತೆ ಮತ ಹಾಕಿ” ಎನ್ನುವುದು ಯಾವ ನ್ಯಾಯ? ಲಗ್ನಪತ್ರಿಕೆಯಲ್ಲಿ ಒಬ್ಬನ ಹೆಸರು ಅಚ್ಚು ಹಾಕಿಸಿ, ಮಂಟಪಕ್ಕೆ ಇನ್ನೊಬ್ಬನನ್ನು ಕರೆದುಕೊಂಡು ಬಂದ ಹಾಗಲ್ಲವೇ? ಮಂಡಳಿಯ ತೀರ್ಮಾನ ಹಿಡಿಸದಿದ್ದರೆ ಅಲ್ಲೇ ಎದ್ದು ಬರಬೇಕಿತ್ತು.

ಮಾಸ್ಟ್ರ ವಾದವೂ ಹಗುರವಾಗಿರಲಿಲ್ಲ. ಗಿರಿ ಕಾರ್ಮಿಕರ ನಡುವೆ ಬೆಳೆದವರು. 1965ರಿಂದ 67ರವರೆಗೆ ನಮ್ಮ ಮೈಸೂರಿಗೇ ರಾಜ್ಯಪಾಲರಾಗಿದ್ದವರು. ಬ್ಯಾಂಕುಗಳನ್ನು ಸರಕಾರಕ್ಕೆ ತಂದದ್ದು ಬಡವನ ಸಲುವಾಗಿ; ಅದನ್ನು ತಡೆಯಲು ನೋಡುವವರೇ ರೆಡ್ಡಿಯವರನ್ನು ನಿಲ್ಲಿಸಿದ್ದಾರೆ ಅನ್ನುತ್ತಿದ್ದರು. “ನಿಮ್ಮ ಬ್ಯಾಂಕು ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ಶುರು ಮಾಡಿದ್ದು 1928ರಲ್ಲಿ. ಬಡವನ ಮನೆ ಬಾಗಿಲಿಗೆ ಹೋಗೋಕೆ ಅದು ದೆಹಲಿಯ ಅಪ್ಪಣೆ ಕಾಯ್ತಾ ಕೂತಿತ್ತಾ?” ಎಂದು ನಾನು ಕೇಳಿದಾಗ ಮಾತ್ರ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಆಗಿನ್ನೂ ಜಗಳ ಚಹಾದೊಂದಿಗೆ ಮುಗಿಯುತ್ತಿತ್ತು.

ಕೆಟ್ಟದ್ದು ಆಗಸ್ಟಿನಲ್ಲಿ. ದೇಶಮುಖರನ್ನು ನಿಲ್ಲಿಸಿದ್ದ ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ನಾಯಕರನ್ನು ನಿಜಲಿಂಗಪ್ಪನವರು ಭೇಟಿಯಾಗಿ, ಎರಡನೆಯ ಪ್ರಾಶಸ್ತ್ಯದ ಮತ ರೆಡ್ಡಿಯವರಿಗೆ ಕೊಡಿಸಿ ಎಂದು ಕೇಳಿದ ಸುದ್ದಿ ಬಂತು. ಮಾಸ್ಟ್ರು ಪತ್ರಿಕೆಯನ್ನು ನನ್ನ ಮುಂದೆ ಹಿಡಿದರು. “ಸುಳ್ಳು, ಇದು ಎದುರಾಳಿಗಳು ಹಬ್ಬಿಸಿದ್ದು” ಎಂದೆ. ಮರುದಿನ ಭೇಟಿ ಆದದ್ದು ನಿಜ ಎಂದು ಎಲ್ಲರಿಗೂ ತಿಳಿಯಿತು. ಆಗ ನಾನು, “ಹೌದು, ಚುನಾವಣೆ ಅಂದ ಮೇಲೆ ಎಲ್ಲರ ಹತ್ತಿರವೂ ಮತ ಕೇಳಬೇಕಪ್ಪ, ಅದರಲ್ಲಿ ತಪ್ಪೇನು?” ಎಂದೆ. ‘ಸುಳ್ಳು’ ಎಂಬಲ್ಲಿಂದ ‘ತಪ್ಪೇನು’ ಎಂಬಲ್ಲಿಗೆ ಬರಲು ನನಗೆ ಒಂದು ರಾತ್ರಿ ಸಾಕಾಯಿತು. ಇದು ನನಗೆ ಆಗ ಗೊತ್ತಾಗಲಿಲ್ಲ. ಮಾಸ್ಟ್ರಿಗೆ ಗೊತ್ತಾಯಿತು. “ನಿನ್ನೆ ಅದು ಆಗಲೇ ಇಲ್ಲ ಅಂದಿ. ಇವತ್ತು ಆದದ್ದೇ ಒಳ್ಳೆಯದು ಅಂತಿ. ನಾಳೆ ಎಂಥ ಹೇಳ್ತಿಯೋ ಮಾರಾಯ?” ಎಂದು ಎಲ್ಲರೆದುರು ಕೇಳಿದರು.

ನಾನು ಬಿಡಲಿಲ್ಲ. “ಬೆಂಗಳೂರಲ್ಲಿ ಜಗಜೀವನ ರಾಮ್ ಗೆದ್ದು, ನಮ್ಮವರು ಆತ್ಮಸಾಕ್ಷಿ ಅಂದಿದ್ದರೆ ನೀವು ಒಪ್ತಿದ್ರಾ? ಪಕ್ಷದ ಶಿಸ್ತು ಅಂತ ನಮಗೇ ಪಾಠ ಹೇಳ್ತಿದ್ರಿ” ಎಂದೆ. ಅವರ ಮುಖ ಕೆಂಪಾಯಿತು. ಉತ್ತರ ಬರಲಿಲ್ಲ.

ಆಗಸ್ಟ್ 16ಕ್ಕೆ ಮತದಾನ, 20ಕ್ಕೆ ಎಣಿಕೆ. ಕೆಳಗಿನ ಹೋಟೆಲಿನ ರೇಡಿಯೋ ಎದುರು ನಾವೆಲ್ಲ ನಿಂತಿದ್ದೆವು. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಗೆಲ್ಲಲು ಬೇಕಾದದ್ದು 4,18,169. ಯಾರಿಗೂ ಅಷ್ಟು ಬರಲಿಲ್ಲ. ಎರಡನೆಯ ಪ್ರಾಶಸ್ತ್ಯದ ಎಣಿಕೆಗೆ ಹೋಗಬೇಕಾಗಿ ಬಂದ ರಾಷ್ಟ್ರಪತಿ ಚುನಾವಣೆ ಅದೊಂದೇ. ದೇಶಮುಖರ ಕಡೆಯಿಂದ ಹೆಚ್ಚಿನ ಮತ ರೆಡ್ಡಿಯವರಿಗೇ ಬಂತು, ಸಾಲಲಿಲ್ಲ. ಕೊನೆಗೆ ಗಿರಿ 4,20,077, ರೆಡ್ಡಿ 4,05,427.

ರಾತ್ರಿಶಾಲೆಯ ಹುಡುಗರು ಪೇಡೆ ತಂದರು. ಮಾಸ್ಟ್ರು ಒಂದನ್ನು ನನ್ನ ಕೈಗಿಟ್ಟರು. ಕೆಣಕಲಿಕ್ಕಲ್ಲ, ಎಲ್ಲರಿಗೂ ಕೊಟ್ಟ ಹಾಗೆ ನನಗೂ ಕೊಟ್ಟರು. ನಾನು ಅದನ್ನು ಮೋರಿಗೆ ಎಸೆದೆ. “ನಿಮ್ಮ ಆತ್ಮಸಾಕ್ಷಿಯ ಪ್ರಸಾದ ನನಗೆ ಬೇಡ” ಎಂದೆ. ಆ ತಿಂಗಳ ಕೊನೆಗೆ ಪೆಟ್ಟಿಗೆ ಎತ್ತಿಕೊಂಡು ಠಾಣೆಗೆ ಹೋದೆ. ಅವರ ಲಗ್ನದ ಕರೆಯೋಲೆ ಬಂದಾಗಲೂ ಹೋಗಲಿಲ್ಲ.

ಮುಂದಿನದು ನಿಮಗೆ ಗೊತ್ತು. ನವೆಂಬರಿನಲ್ಲಿ ಇಂದಿರಾ ಗಾಂಧಿಯವರ ಉಚ್ಚಾಟನೆ ಆಯಿತು, ಪಕ್ಷ ಒಡೆಯಿತು, ನಮ್ಮ ಜೋಡೆತ್ತಿನ ಗುರುತೂ ಹೋಯಿತು. 1971ರಲ್ಲಿ ಮೈಸೂರು ರಾಜ್ಯದ ಇಪ್ಪತ್ತೇಳಕ್ಕೆ ಇಪ್ಪತ್ತೇಳು ಲೋಕಸಭಾ ಸ್ಥಾನ ಇಂದಿರಾ ಅವರ ಕಾಂಗ್ರೆಸ್ಸಿಗೆ. ಆಮೇಲೆ ತುರ್ತು ಪರಿಸ್ಥಿತಿ. 1977ರಲ್ಲಿ ಅದೇ ಸಂಜೀವ ರೆಡ್ಡಿಯವರು ಅವಿರೋಧವಾಗಿ ರಾಷ್ಟ್ರಪತಿಯಾದರು.

ಆ ವಾರ ನನ್ನ ಆಫೀಸಿನ ವಿಳಾಸಕ್ಕೆ ಒಂದು ಕಾರ್ಡು ಬಂತು. ಮಾಸ್ಟ್ರ ದುಂಡು ಅಕ್ಷರ. “ನಿಮ್ಮವರು ಗೆದ್ದರು. ಈಗಲಾದರೂ ಪೇಡೆ ತಿನ್ನಲು ಬಾ ಮಾರಾಯ.”

ಹೋದೆ. ರಾತ್ರಿಶಾಲೆಯ ಬಾಕಿನ ಮೇಲೆ ಕೂತು ಮಾತಾಡಿದೆವು. “ಆತ್ಮಸಾಕ್ಷಿ ಅಂತ ಅಷ್ಟು ಕೂಗಿದೆನಲ್ಲ. ಎಪ್ಪತ್ತಾರರಲ್ಲಿ ಜಾರ್ಜಿಗೆ ಬೇಡಿ ಹಾಕಿದಾಗಲೂ ಬ್ಯಾಂಕಿನಲ್ಲಿ ನಾನು ಬಾಯಿ ಬಿಡಲಿಲ್ಲ. ನೌಕರಿಯ ಹೆದರಿಕೆ” ಎಂದರು. ನಾನೂ ನನ್ನದನ್ನು ಹೇಳಬೇಕಿತ್ತು. ‘ಸುಳ್ಳು’ ಎಂದದ್ದನ್ನೇ ಒಂದು ರಾತ್ರಿಯಲ್ಲಿ ‘ತಪ್ಪೇನು’ ಎಂದದ್ದಕ್ಕೆ ನನಗೆ ನಾಚಿಕೆಯಾಗುತ್ತದೆ ಎನ್ನಬೇಕಿತ್ತು. ಬದಲಿಗೆ ಪೇಡೆ ತಿಂದೆ, ಮಕ್ಕಳ ಓದಿನ ಬಗ್ಗೆ ಕೇಳಿದೆ. ಮುಂದೆ ಇಪ್ಪತ್ತು ವರ್ಷ ಒಡನಾಟ ಇತ್ತು. ಆ ಮಾತು ಬಾಯಿಗೆ ಬರಲೇ ಇಲ್ಲ. ಈಗ ಅವರಿಲ್ಲ.

ಸಹಿ ಹಾಕಿದವರು ಸಹಿಗೆ ನಿಲ್ಲಬೇಕು ಎಂಬ ನನ್ನ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ. ಅಭಿಪ್ರಾಯ ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ನಾನು ಕಾಯುತ್ತಿದ್ದದ್ದು ಪಕ್ಷದ ಶಿಸ್ತನ್ನಲ್ಲ, ನಮ್ಮ ಊರಿನವರ ಮಾನವನ್ನು. ಅವರು ಎತ್ತ ಸರಿದರೆ ನನ್ನ ನ್ಯಾಯವೂ ಅತ್ತ ಸರಿಯುತ್ತಿತ್ತು. ಎರಡೂ ಕಡೆಯ ಬೆಂಬಲಿಗರಿಗೆ ಈ ಕಾಯಿಲೆ ಇರುತ್ತದೆ. ಎದುರಿನವನ ಕಾಯಿಲೆ ಮಾತ್ರ ಬೇಗ ಕಾಣುತ್ತದೆ.

ಗುಂಪು ಬಿಟ್ಟುಹೋದ ಇಬ್ಬರಿಗೂ ನಾನು ಫೋನು ಮಾಡಿದ್ದೇನೆ. ಒಬ್ಬರು ಎತ್ತಿದರು. ಇನ್ನೊಬ್ಬರು ಎತ್ತಿಲ್ಲ. ಭಾನುವಾರ ಮನೆಗೇ ಹೋಗುವವನಿದ್ದೇನೆ, ಪೇಡೆ ತೆಗೆದುಕೊಂಡು.