ಸಂಧಾನವೋ, ಸಮರದ ಮುನ್ನುಡಿಯೋ?: ಕಿತ್ತೂರು ಸೀಮೆ ಕೇಳುವ ಪ್ರಶ್ನೆ

ವಿದೇಶಾಂಗ ನೀತಿಯೆಂದರೆ ರಾಜಧಾನಿಗಳ ವ್ಯವಹಾರ, ನಮ್ಮ ಹೋಬಳಿ-ತಾಲ್ಲೂಕುಗಳಿಗೂ ಅದಕ್ಕೂ ಸಂಬಂಧವಿಲ್ಲ ಎಂಬ ಭಾವನೆ ಸಾಮಾನ್ಯವಾಗಿದೆ. ಬೆಳಗಾವಿ–ಬಾಗಲಕೋಟೆ ಹೆದ್ದಾರಿಯಲ್ಲಿರುವ ನೇಸರಗಿ, ಅದರ ದಕ್ಷಿಣಕ್ಕಿರುವ ಬೈಲಹೊಂಗಲ ಹಾಗೂ ಕಿತ್ತೂರುಗಳ ಇತಿಹಾಸ ಬಲ್ಲವರು ಈ ಮಾತನ್ನು ಒಪ್ಪಲಾರರು. ಮಾತುಕತೆಯ ಪತ್ರ ಮತ್ತು ಫಿರಂಗಿಯ ಗಾಡಿ ಒಂದೇ ದಾರಿಯಲ್ಲಿ ಬಂದಾಗ ಏನಾಗುತ್ತದೆ ಎಂಬುದನ್ನು ಈ ಸೀಮೆ ಎರಡು ಶತಮಾನಗಳ ಹಿಂದೆಯೇ ಕಂಡಿದೆ. 2024ರ ಅಕ್ಟೋಬರ್‌ನಲ್ಲಿ ಕಿತ್ತೂರು ವಿಜಯದ ಇನ್ನೂರನೇ ವರ್ಷವನ್ನು ನಾಡು ಆಚರಿಸಿತು. ಅದಾದ ಕೆಲವೇ ತಿಂಗಳುಗಳಲ್ಲಿ, 2025ರಲ್ಲಿ, ಜಗತ್ತಿನ ವಿದ್ಯಮಾನಗಳು ಅದೇ ಪ್ರಶ್ನೆಯನ್ನು ಮತ್ತೆ ಮುಂದಿಟ್ಟವು.

ಪತ್ರಕ್ಕೆ ಫಿರಂಗಿಯ ಉತ್ತರ

1818ರಲ್ಲಿ ಪೇಶ್ವೆಗಳ ವಿರುದ್ಧದ ಯುದ್ಧದಲ್ಲಿ ಕಿತ್ತೂರು ಸಂಸ್ಥಾನ ಬ್ರಿಟಿಷರಿಗೆ ನೆರವಾಗಿತ್ತು. ಪ್ರತಿಯಾಗಿ ಸನದು ಪಡೆದು, ಕಪ್ಪ ಸಲ್ಲಿಸುತ್ತ ಬಂದಿತ್ತು. ಅಂದರೆ ಅದು ಶತ್ರುರಾಜ್ಯವಾಗಿರಲಿಲ್ಲ, ಒಪ್ಪಂದದಿಂದ ಬದ್ಧವಾದ ಮಿತ್ರನಾಗಿತ್ತು. 1824ರ ಸೆಪ್ಟೆಂಬರ್‌ನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ದತ್ತುಪುತ್ರನ ಪ್ರಶ್ನೆ ಎದ್ದಿತು. ಧಾರವಾಡದ ಕಲೆಕ್ಟರ್ ಹಾಗೂ ಪೊಲಿಟಿಕಲ್ ಏಜೆಂಟ್ ಆಗಿದ್ದ ಥ್ಯಾಕರೆ ದತ್ತಕಪತ್ರವನ್ನೇ ಸಂಶಯಿಸಿದ, ಖಜಾನೆಗೆ ಮೊಹರು ಹಾಕಿಸಿದ.

ರಾಣಿ ಚೆನ್ನಮ್ಮ ಮೊದಲು ಹಿಡಿದದ್ದು ಖಡ್ಗವನ್ನಲ್ಲ, ಲೇಖನಿಯನ್ನು. ದಖನ್ ಕಮಿಷನರ್ ಚಾಪ್ಲಿನ್ ಹಾಗೂ ಮುಂಬಯಿ ಗವರ್ನರ್ ಎಲ್ಫಿನ್‌ಸ್ಟನ್ ಅವರಿಗೆ ಅಹವಾಲು ಕಳುಹಿಸಲಾಯಿತು. ಆ ಮನವಿಗಳು ಇತ್ಯರ್ಥವಾಗುವ ಮೊದಲೇ ಥ್ಯಾಕರೆ ಸೇನೆಯೊಂದಿಗೆ ಕೋಟೆಯ ಮುಂದೆ ನಿಂತ. ಅಕ್ಟೋಬರ್ 23ರಂದು ಬಾಗಿಲು ಒಡೆಯುವ ಬೆದರಿಕೆ ಹಾಕಿದವನು ಅಂದೇ ಹತನಾದ. ಅವನ ಸಹಾಯಕರಾದ ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆ ಸಿಕ್ಕರು.

ಮುಂದಿನ ಅಧ್ಯಾಯವೇ ಇಲ್ಲಿ ಹೆಚ್ಚು ಮುಖ್ಯವಾದುದು. ಚಾಪ್ಲಿನ್ ಒಂದೆಡೆ ಮಾತುಕತೆಯ ಭಾಷೆಯಾಡಿದ, ಇನ್ನೊಂದೆಡೆ ದೊಡ್ಡ ಸೇನೆಯನ್ನು ಜಮಾಯಿಸಿದ. ಡಿಸೆಂಬರ್ ಆರಂಭದಲ್ಲಿ ಇಬ್ಬರೂ ಅಧಿಕಾರಿಗಳ ಬಿಡುಗಡೆಯಾಯಿತು. ಅದರ ಬೆನ್ನಲ್ಲೇ ದಾಳಿ ನಡೆದು ಕೋಟೆ ಬಿದ್ದಿತು. ಕೋಟೆ ಒಪ್ಪಿಸುವ ಗಡುವು ಮೀರಿತ್ತು ಎಂಬುದು ಬ್ರಿಟಿಷರ ಸಮರ್ಥನೆ. ಕೊಟ್ಟ ಮಾತಿಗೆ ತಪ್ಪಿದರು ಎಂಬುದು ಈ ಸೀಮೆಯ ಜನರ ನೆನಪು.

ಗೆದ್ದವರಿಗೆ ನೆಮ್ಮದಿ ದೊರೆಯಿತೇ? ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿಯೇ 1829ರ ಫೆಬ್ರುವರಿಯಲ್ಲಿ ಕೊನೆಯುಸಿರೆಳೆದರು. ಆದರೆ ಸಂಗೊಳ್ಳಿ ರಾಯಣ್ಣನ ಬಂಡಾಯ ಕಂಪನಿ ಸರಕಾರದ ನಿದ್ದೆಗೆಡಿಸಿತು. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದ ಮೇಲೂ ಅವನ ಹೆಸರು ಅಳಿಯಲಿಲ್ಲ. ಕೋಟೆಯನ್ನು ಕೆಲವೇ ದಿನಗಳಲ್ಲಿ ಗೆಲ್ಲಬಹುದು, ಕಳೆದುಕೊಂಡ ನಂಬಿಕೆಯನ್ನು ತಲೆಮಾರು ಕಳೆದರೂ ಮರಳಿ ಪಡೆಯಲಾಗದು ಎಂಬುದಕ್ಕೆ ಇದು ಸಾಕ್ಷಿ.

ಲಂಕೆ ಮತ್ತು ಮಾಲ್ಡೀವ್ಸ್

ಸ್ವತಂತ್ರ ಭಾರತವೂ ಇಂಥ ಪರೀಕ್ಷೆಯನ್ನು ಎದುರಿಸಿದೆ. 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಆದರೆ ಬಂದೂಕು ಹಿಡಿದಿದ್ದ ಎಲ್‌ಟಿಟಿಇ ಅದಕ್ಕೆ ಸಹಿ ಹಾಕಿದ ಪಕ್ಷವಾಗಿರಲಿಲ್ಲ. ಶಾಂತಿ ಪಾಲನೆಗೆಂದು ಹೋದ ನಮ್ಮ ಸೈನಿಕರು ಅಕ್ಟೋಬರ್ ಹೊತ್ತಿಗೆ ಅದೇ ಸಂಘಟನೆಯ ವಿರುದ್ಧ ಹೋರಾಡಬೇಕಾಯಿತು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಮರಳುವಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಯೋಧರು ಪ್ರಾಣ ತೆತ್ತಿದ್ದರು.

ಇದೇ ಅವಧಿಯಲ್ಲಿ, 1988ರ ನವೆಂಬರ್‌ನಲ್ಲಿ, ಮಾಲ್ಡೀವ್ಸ್ ಅಧ್ಯಕ್ಷ ಗಯೂಮ್ ಅವರ ಕೋರಿಕೆಯಂತೆ ಹೋದ ಭಾರತೀಯ ಸೇನೆ ಕ್ಷಿಪ್ರದಂಗೆಯನ್ನು ಅಡಗಿಸಿತು. ನಾಯಕತ್ವ ಅದೇ, ಸೇನೆಯೂ ಅದೇ. ಮಾಲ್ಡೀವ್ಸ್‌ನಲ್ಲಿ ಆಹ್ವಾನವಿತ್ತು, ಗುರಿ ಸ್ಪಷ್ಟವಿತ್ತು, ಹಿಂದಿರುಗುವ ಗಳಿಗೆಯೂ ತಿಳಿದಿತ್ತು. ಲಂಕೆಯಲ್ಲಿ ರಾಜತಾಂತ್ರಿಕರು ಅಪೂರ್ಣವಾಗಿ ಬಿಟ್ಟ ಕೆಲಸವನ್ನು ಸೈನಿಕನ ಹೆಗಲಿಗೆ ಹೊರಿಸಲಾಗಿತ್ತು.

2025ರ ಎರಡು ಚಿತ್ರಗಳು

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಉಗ್ರರು 26 ಮಂದಿಯನ್ನು ಹತ್ಯೆಗೈದರು. ಮೃತರಲ್ಲಿ ಕನ್ನಡಿಗರೂ ಇದ್ದರು. ಭಾರತ ಮೊದಲು ಸಿಂಧೂ ಜಲ ಒಪ್ಪಂದವನ್ನು ಅಮಾನತಿನಲ್ಲಿರಿಸಿತು, ಅಟಾರಿ ಗಡಿಯನ್ನು ಮುಚ್ಚಿತು. ಮೇ 7ರಂದು ಒಂಬತ್ತು ಉಗ್ರನೆಲೆಗಳ ಮೇಲೆ ದಾಳಿ ನಡೆಸಿತು. ಅಂದು ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಅವರೊಂದಿಗೆ ದೇಶಕ್ಕೆ ವಿವರಣೆ ನೀಡಿದ ಇಬ್ಬರು ಸೇನಾಧಿಕಾರಿಗಳಲ್ಲಿ ಒಬ್ಬರಾದ ಕರ್ನಲ್ ಸೋಫಿಯಾ ಖುರೇಷಿ ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಸೊಸೆ ಎಂಬುದು ಬೆಳಗಾವಿ ಜಿಲ್ಲೆಗೆ ಅಭಿಮಾನದ ಸಂಗತಿ. ಗುರಿ ಉಗ್ರನೆಲೆಗಳು, ಸಂಘರ್ಷ ಬೆಳೆಸುವ ಉದ್ದೇಶವಿಲ್ಲ ಎಂದು ಮೊದಲ ದಿನವೇ ಮಿತಿಯನ್ನು ಸಾರಿದ್ದು ಜಾಣ ನಡೆ.

ಆದರೆ ಮೇ 10ರಂದು ಸಂಘರ್ಷ ನಿಂತ ಸುದ್ದಿಯನ್ನು ಜಗತ್ತಿಗೆ ಮೊದಲು ಹೇಳಿದವರು ಅಮೆರಿಕದ ಅಧ್ಯಕ್ಷ ಟ್ರಂಪ್. ಉಭಯ ದೇಶಗಳ ಸೇನಾಧಿಕಾರಿಗಳ ನೇರ ಮಾತುಕತೆಯಿಂದಲೇ ಇದು ಸಾಧ್ಯವಾಯಿತು ಎಂದು ಭಾರತ ಪದೇ ಪದೇ ಸ್ಪಷ್ಟಪಡಿಸಬೇಕಾಯಿತು. ನಂತರ ಏಳು ಸರ್ವಪಕ್ಷ ನಿಯೋಗಗಳು ವಿದೇಶಗಳಿಗೆ ತೆರಳಿದವು. ಕರ್ನಾಟಕದ ಸಂಸದರಾದ ತೇಜಸ್ವಿ ಸೂರ್ಯ, ಬ್ರಿಜೇಶ್ ಚೌಟ ಅವುಗಳಲ್ಲಿದ್ದರು. ವಿರೋಧ ಪಕ್ಷದವರೂ ಒಂದೇ ದನಿಯಲ್ಲಿ ಮಾತನಾಡಿದ್ದು ಪ್ರಶಂಸನೀಯ. ಆದರೂ ರಣರಂಗದಲ್ಲಿ ಪಡೆದ ಮೇಲುಗೈಯನ್ನು ಜಗತ್ತಿನ ಅಭಿಪ್ರಾಯವಾಗಿ ಪರಿವರ್ತಿಸುವ ಕೆಲಸ ಕಾರ್ಯಾಚರಣೆಯ ಜೊತೆಜೊತೆಗೇ ನಡೆಯಬೇಕಿತ್ತಲ್ಲವೇ?

ಎರಡನೆಯ ಚಿತ್ರ ಪಶ್ಚಿಮ ಏಷ್ಯಾದ್ದು. ಏಪ್ರಿಲ್‌ನಿಂದ ಅಮೆರಿಕ ಮತ್ತು ಇರಾನ್ ಅಣು ಕಾರ್ಯಕ್ರಮದ ಬಗ್ಗೆ ಐದು ಸುತ್ತು ಮಾತುಕತೆ ನಡೆಸಿದ್ದವು. ಜೂನ್ 15ಕ್ಕೆ ಮಸ್ಕತ್‌ನಲ್ಲಿ ಆರನೆಯ ಸುತ್ತು ನಿಗದಿಯಾಗಿತ್ತು. ಜೂನ್ 13ರಂದೇ ಇಸ್ರೇಲ್ ಇರಾನ್ ಮೇಲೆ ದಾಳಿ ಆರಂಭಿಸಿತು. 22ರಂದು ಅಮೆರಿಕದ ಬಾಂಬುಗಳೂ ಬಿದ್ದವು. ಇದರ ಬಿಸಿ ಗೌರಿಬಿದನೂರು ತಾಲ್ಲೂಕಿನ ಅಲೀಪುರಕ್ಕೂ ತಟ್ಟಿತು. ಆ ಊರಿನ ಅನೇಕ ವಿದ್ಯಾರ್ಥಿಗಳು ಇರಾನಿನಲ್ಲಿ ಓದುತ್ತಿದ್ದರು. ಸಿಲುಕಿದ ಭಾರತೀಯರನ್ನು ಕರೆತರಲು ಸರಕಾರ 'ಆಪರೇಷನ್ ಸಿಂಧು' ಕೈಗೊಂಡಿತು.

ಮಾತುಕತೆಯ ದಿನಾಂಕ ನಿಗದಿಯಾಗಿರುವಾಗಲೇ ಬಾಂಬು ಬಿದ್ದರೆ ಮುಂದಿನ ಬಾರಿ ಆ ಮೇಜಿಗೆ ಯಾರು ನಂಬಿಕೆಯಿಂದ ಬಂದಾರು? ಕಿತ್ತೂರಿನವರು 1824ರ ಡಿಸೆಂಬರ್‌ನಲ್ಲಿ ಕೇಳಿಕೊಂಡ ಪ್ರಶ್ನೆಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ.

ನಾಗರಿಕರ ಹೊಣೆ

ಸೇನಾಬಲವಿಲ್ಲದ ರಾಜತಾಂತ್ರಿಕತೆಗೆ ಬೆಲೆಯಿಲ್ಲ ಎಂಬುದು ನಿಜ. ಭಯೋತ್ಪಾದನೆಯ ಮುಂದೆ ಕೈಕಟ್ಟಿ ಕುಳಿತುಕೊಳ್ಳಿ ಎಂದು ಯಾರೂ ಹೇಳಲಾರರು. ಆದರೆ ಸೈನಿಕನನ್ನು ಕಳುಹಿಸುವ ನಾಯಕರು ಮೂರು ಪ್ರಶ್ನೆಗಳಿಗೆ ಉತ್ತರಿಸಲೇಬೇಕು: ಮಾತಿನ ದಾರಿ ನಿಜಕ್ಕೂ ಮುಗಿದಿದೆಯೇ? ಸೇನೆಯ ಗುರಿ ಮತ್ತು ಮಿತಿ ಏನು? ಕೊಟ್ಟ ಮಾತು ಉಳಿಯುತ್ತದೆಯೇ? ಬೆಳಗಾವಿ ಜಿಲ್ಲೆಯ ಹಳ್ಳಿಗಳಿಂದ ಸೇನೆಗೆ ಸೇರುವ ಯುವಕರ ಪರಂಪರೆ ದೊಡ್ಡದು. ದೆಹಲಿಯ ನಿರ್ಧಾರದ ಬೆಲೆ ತೆರುವವರು ಇಂಥ ಊರುಗಳವರು. ಆದ್ದರಿಂದ ಈ ಪ್ರಶ್ನೆಗಳನ್ನು ಸಂಸತ್ತಿನಲ್ಲಿ ಎತ್ತುವಂತೆ ತಮ್ಮ ಪ್ರತಿನಿಧಿಗಳನ್ನು ಒತ್ತಾಯಿಸುವ ಹಕ್ಕು ಅವರಿಗಿದೆ. ವಿಜಯೋತ್ಸವದಲ್ಲಿ ಚೆನ್ನಮ್ಮನ ಖಡ್ಗಕ್ಕೆ ನಮಿಸುವ ನಾವು, ಉತ್ತರ ಬಾರದೆ ಹೋದ ಅವರ ಪತ್ರಗಳನ್ನೂ ನೆನೆಯುವುದು ಒಳಿತು.