ಲಂಗರು ಬೀಳುವ ನೆಲ

ಮೆಡಿಟರೇನಿಯನ್ ಸಮುದ್ರಕ್ಕೆ ಬೇಸಿಗೆ ಬಂತೆಂದರೆ ಹಾಯಿನೌಕೆಗಳ ಕಾಲ ಬಂದಂತೆ. ಸ್ಪೇನ್ ದೇಶಕ್ಕೆ ಸೇರಿದ ಬ್ಯಾಲೆಯಾರಿಕ್ ದ್ವೀಪಗಳ ಸುತ್ತ, ಅದರಲ್ಲೂ ಇಬಿಜಾ ಮತ್ತು ಫೊರ್ಮೆಂತೆರಾ ದ್ವೀಪಗಳ ನಡುವಣ ತಿಳಿನೀರಿನಲ್ಲಿ, ಜುಲೈ–ಆಗಸ್ಟ್ ತಿಂಗಳುಗಳಲ್ಲಿ ರಜೆಗೆ ಬಂದ ನೌಕೆಗಳು ಕಿಕ್ಕಿರಿದು ನಿಲ್ಲುತ್ತವೆ. ಹಗಲೆಲ್ಲ ಗಾಳಿಯ ಬಲದಿಂದ ಸಾಗಿದವರು ಸಂಜೆಯ ಹೊತ್ತಿಗೆ ಗಾಳಿಯ ಮರೆಯಿರುವ ಕೊಲ್ಲಿಯೊಂದನ್ನು ಹುಡುಕಿ ಲಂಗರು ಇಳಿಸುತ್ತಾರೆ. ಈ ಹುಡುಕಾಟವನ್ನು ಬಹುಕಾಲ ಪ್ರವಾಸಿಯ ಖಾಸಗಿ ವಿಷಯವೆಂದೇ ಭಾವಿಸಲಾಗಿತ್ತು. ಇಷ್ಟು ವಿಶಾಲವಾದ ಕಡಲಿನಲ್ಲಿ ಕಬ್ಬಿಣದ ಕೊಕ್ಕೆಯೊಂದು ಬಿದ್ದರೆ ಏನಾದೀತು ಎಂಬುದು ರೂಢಿಯ ಮಾತು. ಆದರೆ ಲಂಗರು ಹೋಗಿ ಕಚ್ಚುವುದು ನೆಲವನ್ನು. ಆ ನೆಲ ಬರಿದಾಗಿಲ್ಲ.

ನೀರಿನಡಿಯ ಆಳ ಹೆಚ್ಚಿರುವ ನೌಕೆಗಳಿಗೆ ಈ ಹುಡುಕಾಟ ಇನ್ನಷ್ಟು ಕಠಿಣ. ಹಾಯಿಗೆ ಬಡಿಯುವ ಗಾಳಿ ನೌಕೆಯನ್ನು ಮಗುಚದಂತೆ ತಡೆಯಲು ಅದರ ತಳದಲ್ಲಿ ಭಾರವಾದ ರೆಕ್ಕೆಯೊಂದಿರುತ್ತದೆ. ಅದಕ್ಕೆ ಕೀಲ್ ಎಂದು ಹೆಸರು. ಹನ್ನೆರಡು–ಹದಿಮೂರು ಮೀಟರ್ ಉದ್ದದ ಸಾಮಾನ್ಯ ಹಾಯಿನೌಕೆಯ ಕೀಲ್ ನೀರಿನೊಳಗೆ ಸುಮಾರು ಎರಡು ಮೀಟರ್ ಇಳಿದಿರುತ್ತದೆ. ದೊಡ್ಡ ನೌಕೆಗಳಲ್ಲಿ ಅದು ಮೂರು ಮೀಟರನ್ನೂ ಮೀರುವುದುಂಟು. ಜೋಡಿ ಒಡಲಿನ ಕ್ಯಾಟಮರಾನ್ ಅಷ್ಟು ಆಳವಿಲ್ಲದ ಕಾರಣ ದಡದ ಸಮೀಪದ ಮರಳಿನ ಮೇಲೆ ನಿಲ್ಲಬಲ್ಲದು. ಆಳದ ಕೀಲಿನ ನೌಕೆಗೆ ಆ ಸ್ವಾತಂತ್ರ್ಯವಿಲ್ಲ. ರಾತ್ರಿ ಗಾಳಿ ತಿರುಗಿ ನೌಕೆ ದಡದತ್ತ ಸರಿದರೂ ಕೀಲ್ ನೆಲಕ್ಕೆ ತಾಗಬಾರದೆಂದು ನಾವಿಕ ನಾಲ್ಕೈದು ಮೀಟರಿಗೂ ಮಿಕ್ಕಿದ ಆಳಕ್ಕೆ ಹಿಂದೆ ಸರಿಯುತ್ತಾನೆ. ಬೇಸಿಗೆಯಲ್ಲಿ ದಡದಂಚಿನ ನೀರು ಈಜುವವರ ಪಾಲಾಗಿರುವುದರಿಂದಲೂ ಹಿಂದೆ ಸರಿಯುವುದು ಅನಿವಾರ್ಯವಾಗುತ್ತದೆ.

ಆಳ ಹೆಚ್ಚಿದಂತೆ ಸರಪಳಿಯೂ ಉದ್ದವಾಗಬೇಕು. ಶಾಂತ ಹವೆಯಲ್ಲಿ ನೀರಿನ ಆಳದ ಮೂರು–ನಾಲ್ಕು ಪಟ್ಟು, ಗಾಳಿ ಬೀಸಿದರೆ ಐದು ಪಟ್ಟು ಅಥವಾ ಅದಕ್ಕೂ ಹೆಚ್ಚು ಸರಪಳಿ ಬಿಡುವುದು ನಾವಿಕರ ಕ್ರಮ. ಐದು ಪಟ್ಟಿನ ಲೆಕ್ಕದಲ್ಲಿ ನಾಲ್ಕು ಮೀಟರ್ ಆಳದಲ್ಲಿ ಇಪ್ಪತ್ತು ಮೀಟರ್ ಸರಪಳಿ ಸಾಕು. ಅದು ಸುತ್ತುವ ವೃತ್ತ ಸುಮಾರು 12 ಗುಂಟೆ. ಹತ್ತು ಮೀಟರ್ ಆಳದಲ್ಲಿ ಐವತ್ತು ಮೀಟರ್ ಸರಪಳಿ ಬೇಕು. ಅದರ ವೃತ್ತ ಎರಡು ಎಕರೆಗೆ ತುಸು ಕಡಿಮೆ. ಅಷ್ಟೂ ನೆಲವನ್ನು ಪ್ರತಿ ರಾತ್ರಿಯೂ ಸರಪಳಿ ಗೀರುತ್ತದೆಂದು ಹೇಳಲಾಗದು. ಆದರೂ ಗಾಳಿ ದಿಕ್ಕು ಬದಲಿಸಿದಾಗಲೆಲ್ಲ ನೆಲದ ಮೇಲೆ ಮಲಗಿದ ಭಾಗ ಕುಡುಗೋಲಿನಂತೆ ಅತ್ತಿತ್ತ ಸವರುತ್ತಲೇ ಇರುತ್ತದೆ.

ಅಲ್ಲಿ ಸವರಿಹೋಗುತ್ತಿರುವುದು ಪೊಸಿಡೋನಿಯಾ ಓಶಿಯಾನಿಕಾ ಎಂಬ ಕಡಲಹುಲ್ಲು. ಇದು ಪಾಚಿಯಲ್ಲ. ಬೇರು, ಕಾಂಡ, ಎಲೆ, ಹೂ, ಕಾಯಿ ಎಲ್ಲವೂ ಇರುವ, ಮೆಡಿಟರೇನಿಯನ್ ಬಿಟ್ಟರೆ ಬೇರೆಲ್ಲೂ ಇಲ್ಲದ ಸಸ್ಯ. ತಿಳಿನೀರಿನಲ್ಲಿ ಬೆಳಕು ಇಳಿಯುವ ಸುಮಾರು 40 ಮೀಟರ್ ಆಳದವರೆಗೂ ಇದು ಹುಲ್ಲುಗಾವಲಾಗಿ ಹಬ್ಬುತ್ತದೆ. ಮೀನಿನ ಮರಿಗಳಿಗೆ ಇದು ಆಸರೆ. ಇದರ ಗೆಡ್ಡೆಕಾಂಡ, ಬೇರು ಮತ್ತು ಹೂಳು ಹೆಣೆದುಕೊಂಡು ಶತಮಾನಗಳಲ್ಲಿ ಹಲವು ಮೀಟರ್ ದಪ್ಪದ ಹಾಸು ನಿರ್ಮಾಣವಾಗುತ್ತದೆ. ಅದರಲ್ಲಿ ಸಾವಿರಾರು ವರ್ಷಗಳ ಇಂಗಾಲ ಹೂತಿರುತ್ತದೆ. ಉದುರಿದ ಎಲೆಗಳು ಚಳಿಗಾಲದಲ್ಲಿ ದಡಕ್ಕೆ ಬಂದು ರಾಶಿಬಿದ್ದು, ಅಲೆಯ ಹೊಡೆತದಿಂದ ಮರಳು ಕೊಚ್ಚಿಹೋಗದಂತೆ ಕಾಯುತ್ತವೆ. ಹಿಂದೆ ಆ ದ್ವೀಪಗಳ ರೈತರು ಈ ಒಣ ಎಲೆಗಳನ್ನು ಮನೆಯ ಮಾಳಿಗೆಗೆ ಹೊದಿಕೆಯಾಗಿಯೂ ಕೊಟ್ಟಿಗೆಗೆ ಹಾಸಾಗಿಯೂ ಬಳಸುತ್ತಿದ್ದರು. ಸೊಪ್ಪಿನ ಬೆಟ್ಟದ ದರಕು ತಂದು ಕೊಟ್ಟಿಗೆಗೆ ಹಾಸುವ ಮಲೆನಾಡಿನ ಕೃಷಿಕನಿಗೆ ಆ ನಂಟನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಹುಲ್ಲಿನ ಬೆಳವಣಿಗೆ ಅತಿ ನಿಧಾನ. ಗೆಡ್ಡೆಕಾಂಡ ಅಡ್ಡಕ್ಕೆ ಹಬ್ಬುವುದು ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಫೊರ್ಮೆಂತೆರಾದ ಸುತ್ತ ಹಲವು ಕಿಲೋಮೀಟರ್ ಅಂತರದಲ್ಲಿ ಸಿಕ್ಕ ಗಿಡಗಳು ಒಂದೇ ವಂಶವಾಹಿಯವು, ಅಂದರೆ ಒಂದೇ ಮೂಲದಿಂದ ಹಬ್ಬಿದವು ಎಂದು 2012ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಈ ವೇಗದಲ್ಲಿ ಅಷ್ಟು ದೂರ ಹಬ್ಬಲು ಸಾವಿರಾರು ವರ್ಷಗಳೇ ಬೇಕು. ಅಂಥ ಹಾಸನ್ನು ಲಂಗರು ಒಮ್ಮೆ ಕಿತ್ತರೆ ಉಂಟಾಗುವ ಗುಂಡಿ ಮುಚ್ಚಲು ದಶಕಗಳು ಹಿಡಿಯುತ್ತವೆ. ಅಷ್ಟರೊಳಗೆ ಅಲೆಯ ಸೆಳೆತ ಗುಂಡಿಯ ಅಂಚನ್ನು ಕೊರೆದು ದೊಡ್ಡದು ಮಾಡುವುದೂ ಉಂಟು.

ಹುಲ್ಲಿಗಾಗುವ ಈ ಹಾನಿಯಿಂದ ನೌಕೆಗೆ ಲಾಭವೂ ಇಲ್ಲ. ದಟ್ಟ ಎಲೆಗಳ ಮೇಲೆ ಲಂಗರು ಜಾರುತ್ತದೆ, ಇಲ್ಲವೇ ಹಾಸನ್ನು ಕಿತ್ತುಕೊಂಡು ಬರುತ್ತದೆ. ಮರಳಿನಲ್ಲಿ ಅದು ಆಳಕ್ಕೆ ಹೂತು ಭದ್ರವಾಗಿ ನಿಲ್ಲುತ್ತದೆ. 2024ರ ಆಗಸ್ಟ್ 14ರಂದು ಫೊರ್ಮೆಂತೆರಾಕ್ಕೆ ಅಪ್ಪಳಿಸಿದ ಬಿರುಗಾಳಿಯಲ್ಲಿ ಹಲವಾರು ನೌಕೆಗಳು ದಡಕ್ಕೆ ಬಡಿದು ಸಿಕ್ಕಿಕೊಂಡವು. ಭದ್ರವಾದ ತಂಗುದಾಣ ಎಂಬುದು ಐಷಾರಾಮದ ಬೇಡಿಕೆಯಲ್ಲ, ಪ್ರಾಣದ ಪ್ರಶ್ನೆ ಎಂಬುದನ್ನು ಪರಿಸರವಾದಿಗಳೂ ಒಪ್ಪಬೇಕು. ನಾವಿಕನ ಹಿತ ಮತ್ತು ಹುಲ್ಲಿನ ಹಿತ ಎರಡೂ ಮರಳಿನತ್ತಲೇ ಬೆರಳು ತೋರಿಸುತ್ತವೆ. ತೊಡಕು ಇರುವುದು ಮರಳಿನ ಜಾಗ ಕಡಿಮೆ, ನೌಕೆಗಳು ಹೆಚ್ಚು ಎಂಬಲ್ಲಿ.

ಯುನೆಸ್ಕೋ 1999ರಲ್ಲಿ ಇಬಿಜಾವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಹುಲ್ಲುಗಾವಲೂ ಅದಕ್ಕೊಂದು ಕಾರಣವಾಗಿತ್ತು. ಆದರೆ ಕೇವಲ ಗೌರವದಿಂದ ಹುಲ್ಲು ಉಳಿಯದು. 2018ರ ಜುಲೈನಲ್ಲಿ ಬ್ಯಾಲೆಯಾರಿಕ್ ಪ್ರಾದೇಶಿಕ ಸರ್ಕಾರ ಪೊಸಿಡೋನಿಯಾದ ಮೇಲೆ ಲಂಗರು ಹಾಕುವುದನ್ನು ನಿಷೇಧಿಸಿತು. ಮರಳಿನ ಮೇಲೆ ಹಾಕಲು ಅಡ್ಡಿಯಿಲ್ಲ. ಹುಲ್ಲು ಎಲ್ಲಿದೆ ಎಂಬ ನಕಾಶೆಯನ್ನು ಮೊಬೈಲಿನಲ್ಲೇ ನೋಡುವ ವ್ಯವಸ್ಥೆಯಾಯಿತು. ಕಾವಲು ದೋಣಿಗಳು ಸುತ್ತುತ್ತಾ, ತಪ್ಪು ಜಾಗದಲ್ಲಿ ನಿಂತವರನ್ನು ಪಕ್ಕದ ಮರಳಿಗೆ ಸರಿಸತೊಡಗಿದವು. ಫ್ರಾನ್ಸ್ ದೇಶವೂ 2019ರಲ್ಲಿ ತನ್ನ ಮೆಡಿಟರೇನಿಯನ್ ತೀರಕ್ಕೆ ನಿಯಮ ರೂಪಿಸಿ, ನಂತರದ ಸ್ಥಳೀಯ ಆದೇಶಗಳ ಮೂಲಕ 24 ಮೀಟರ್ ಹಾಗೂ ಅದಕ್ಕಿಂತ ಉದ್ದದ ನೌಕೆಗಳನ್ನು ಹುಲ್ಲುಗಾವಲಿನಿಂದ ಹೊರಗಿಟ್ಟಿತು.

ಈ ನಿಯಮಗಳಿಗೆ ಆಕ್ಷೇಪಗಳಿವೆ. ಹುಲ್ಲು ನಾಶವಾಗುತ್ತಿರುವುದು ಲಂಗರಿನಿಂದ ಮಾತ್ರವೇ ಎಂಬುದು ಮೊದಲನೆಯದು. ಪ್ರಶ್ನೆ ನ್ಯಾಯವಾದದ್ದೇ. ಊರಿನ ಕೊಳಚೆನೀರು, ತಳ ಗುಡಿಸುವ ಬಲೆಗಳು, ಬಿಸಿಯೇರುತ್ತಿರುವ ಸಮುದ್ರ ಇವುಗಳ ಪಾಲೂ ದೊಡ್ಡದು. ಆದರೆ ಸಮುದ್ರದ ತಾಪವನ್ನು ಯಾವ ದ್ವೀಪವೂ ಒಂಟಿಯಾಗಿ ಇಳಿಸಲಾರದು. ಲಂಗರನ್ನು ನಾಳೆಯೇ ಐವತ್ತು ಮೀಟರ್ ಆಚೆ ಇಳಿಸಬಹುದು. ಕೈಗೆಟಕುವ ಪರಿಹಾರವನ್ನು ಕೈಗೆಟಕದ ಕಾರಣಗಳ ಹೆಸರಿನಲ್ಲಿ ಮುಂದೂಡುವುದು ತಕ್ಕುದಲ್ಲ. ಸಣ್ಣ ಹಾಯಿನೌಕೆಯ ಬಡಪಾಯಿಗೆ ಶಿಕ್ಷೆ, ಭಾರೀ ಮೋಟಾರು ನೌಕೆಯ ಒಡೆಯನಿಗೆ ದಂಡ ಕಟ್ಟಿ ಪಾರಾಗುವ ದಾರಿ ಎಂಬುದು ಎರಡನೆಯದು. ಇದು ಇನ್ನೂ ಗಂಭೀರ. ನೂರಾರು ಕಿಲೋ ತೂಗುವ ಲಂಗರು ಮಾಡುವ ಗಾಯಕ್ಕೂ ಇಪ್ಪತ್ತು ಕಿಲೋ ಲಂಗರಿನ ಗಾಯಕ್ಕೂ ಹೋಲಿಕೆಯಿಲ್ಲ. ನಿಯಮದ ಬಿಗಿ ನೌಕೆಯ ಗಾತ್ರಕ್ಕೆ ತಕ್ಕಂತೆ ಹೆಚ್ಚಬೇಕು.

ಆಳದ ಕೀಲಿನವರಿಗೆ ನಿಜವಾದ ಪರಿಹಾರವೆಂದರೆ ಕಟ್ಟುಗುಂಡುಗಳು. ತಿರುಪುಮೊಳೆಯಂಥ ಕಂಬವನ್ನು ಕಡಲ ನೆಲಕ್ಕೆ ತಿರುಗಿಸಿ ಇಳಿಸಿ, ಅದಕ್ಕೆ ಹಗ್ಗ ಕಟ್ಟಿ, ಹಗ್ಗ ನೆಲಕ್ಕೆ ತಾಗದಂತೆ ನಡುನೀರಿನಲ್ಲೊಂದು ತೇಲು ಇಟ್ಟು, ಮೇಲೆ ಗುಂಡು ತೇಲಿಬಿಡುತ್ತಾರೆ. ನೌಕೆ ಅದಕ್ಕೇ ಕಟ್ಟಿಕೊಂಡು ನಿಲ್ಲುತ್ತದೆ. ಸರಪಳಿ ಇಳಿಯುವುದೇ ಇಲ್ಲ. 1991ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಬ್ರೆರಾ ದ್ವೀಪದ ಬಂದರಿನಲ್ಲಿ ಇಂಥ ಐವತ್ತು ಗುಂಡುಗಳಿವೆ. ರಾತ್ರಿ ತಂಗಲು ಮುಂಚಿತವಾಗಿ ಅನುಮತಿ ಪಡೆಯಬೇಕು. ಗುಂಡುಗಳು ತುಂಬಿದವೆಂದರೆ ಆ ದಿನಕ್ಕೆ ಮುಗಿಯಿತು. ಕಾಬ್ರೆರಾದ ಪಾಠ ಅಡಗಿರುವುದು ಈ ಕೊನೆಯ ಮಾತಿನಲ್ಲಿ. ಮಿತಿಯಿಲ್ಲದೆ ಗುಂಡುಗಳನ್ನು ಹೆಚ್ಚಿಸುತ್ತಾ ಹೋದರೆ ಕೊಲ್ಲಿ ವಾಹನ ನಿಲುಗಡೆಯ ಬಯಲಾಗುತ್ತದೆ. ಹುಲ್ಲಿಗೆ ಲಂಗರಿನ ಬದಲು ನೌಕೆಗಳ ಕೊಳಕು ಕಾಡುತ್ತದೆ. ಕೊಲ್ಲಿ ಎಷ್ಟನ್ನು ತಾಳಬಲ್ಲದು ಎಂಬ ಲೆಕ್ಕ ಮೊದಲು, ಗುಂಡುಗಳ ಲೆಕ್ಕ ಆಮೇಲೆ.

ಈ ದೂರದ ಕಡಲಿನ ಕಥೆ ಮಲೆನಾಡಿಗೆ ಅಪರಿಚಿತವಲ್ಲ. ಜೀಪಿನ ಚಕ್ರ ಉಜ್ಜಿದ ಗುಡ್ಡದ ನೆತ್ತಿಯ ಹುಲ್ಲು ಎಷ್ಟು ಮಳೆಗಾಲ ಕಳೆದರೂ ಚಿಗುರದಿರುವುದನ್ನು ಇಲ್ಲಿನವರು ಕಂಡಿದ್ದಾರೆ. 2024ರ ಜನವರಿಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಚಾರಣಿಗರು ಕಿಕ್ಕಿರಿದ ಮೇಲೆ ಅರಣ್ಯ ಇಲಾಖೆ ಚಾರಣವನ್ನು ತಡೆದು, ಮುಂಗಡ ನೋಂದಣಿ ಮತ್ತು ದಿನದ ಮಿತಿಯ ಕ್ರಮಕ್ಕೆ ಬಂದಿತು. ಬೆಟ್ಟಕ್ಕೂ ಕೊಲ್ಲಿಗೂ ನ್ಯಾಯ ಒಂದೇ. ರಜೆಗೆ ಬಂದವನಿಗೆ ತಂಗುವ ಹಕ್ಕಿದೆ. ಎಲ್ಲಿ, ಎಷ್ಟು ಜನ, ಯಾವ ರೀತಿ ತಂಗಬೇಕೆಂಬುದನ್ನು ನಿರ್ಧರಿಸುವ ಹಕ್ಕು ಆ ನೆಲದ್ದು ಮತ್ತು ಅದನ್ನು ಕಾಯುವವರದು. ಸೂರ್ಯ ನೆತ್ತಿಯ ಮೇಲಿರುವಾಗ ನೌಕೆಯಿಂದ ಕೆಳಗೆ ನೋಡಿದರೆ ತಿಳಿನೀಲಿಯಾಗಿ ಕಾಣುವುದು ಮರಳು, ಕಪ್ಪಾಗಿ ಕಾಣುವುದು ಹುಲ್ಲು. ಸಂಜೆಗತ್ತಲಲ್ಲಿ ಎರಡೂ ಒಂದೇ. ಬೆಳಕಿರುವಾಗಲೇ ಬಂದು, ನೋಡಿ, ಜಾಗ ಸಿಗದಿದ್ದರೆ ಮುಂದಿನ ಕೊಲ್ಲಿಗೆ ಹೋಗುವ ತಾಳ್ಮೆಯನ್ನು ಪ್ರವಾಸಿ ಕಲಿಯಬೇಕು. ಕಲಿಯದವನಿಗೆ ಕಾನೂನು ಕಲಿಸಬೇಕು.